ಫ್ರೆಡರಿಕ್ ಲಾ ಓಮ್‌ಸ್ಟೆಡ್: ಎಲ್ಲರ ನೆಲಕ್ಕಾಗಿ ದುಡಿದವರು



ನಾನು ಐದು ವರ್ಷದವಳಿದ್ದಾಗ ಅಮ್ಮನ ಕೈ ಬಿಡದೆ ಅಳುತ್ತಾ ಈ ಕನ್ನಡ ಶಾಲೆಗೆ ಬಂದೆ. ಈಗ ನನಗೆ ಹದಿನಾರು. ಪದವಿ ಪಡೆಯುವ ಪ್ರತಿಯೊಬ್ಬರೂ ಸ್ಮರಣ ಸಂಚಿಕೆಗೆ ಒಬ್ಬ ದೊಡ್ಡವರ ಜೀವನವನ್ನು ಕನ್ನಡದಲ್ಲಿ ಬರೆದುಕೊಡಬೇಕು ಎಂಬುದು ನಮ್ಮ ಶಾಲೆಯ ಪದ್ಧತಿ. ನನ್ನ ಜೊತೆಯವರು ಕುವೆಂಪು, ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಅವರನ್ನು ಆರಿಸಿಕೊಂಡಿದ್ದಾರೆ. ನಾನು ಫ್ರೆಡರಿಕ್ ಲಾ ಓಮ್‌ಸ್ಟೆಡ್ ಎಂದಾಗ ನಮ್ಮ ಟೀಚರ್ ಒಂದು ಕ್ಷಣ ಸುಮ್ಮನಿದ್ದು, ಅವರು ಯಾರು ಎಂದು ಕೇಳಿದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮಾಡಿದವರು ಎಂದೆ. ಯಾಕೆ ಇವರೇ ಎಂದು ಮತ್ತೆ ಕೇಳಿದರು. ಆಗ ಸರಿಯಾದ ಉತ್ತರ ಕೊಡಲಿಲ್ಲ. ಈಗ ಹೇಳುತ್ತೇನೆ. ಕಾರಣ ನಮ್ಮ ಮನೆಯಲ್ಲಿ ನಡೆದ ಒಂದು ಜಗಳ.

ಬಾಸ್ಟನ್ನಿನ ಹೊರಗಿರುವ ನಮ್ಮ ಊರಿನಲ್ಲಿ ಟೌನ್‌ಗೆ ಸೇರಿದ ಒಂದು ಹುಲ್ಲುಗಾವಲು ಇದೆ. ಸುತ್ತ ಕಾಡು, ನಡುವೆ ಸಮತಟ್ಟಾದ ಹುಲ್ಲು. ಅಪ್ಪ ಮತ್ತು ಅವರ ಕ್ರಿಕೆಟ್ ತಂಡದ ಅಂಕಲ್‌ಗಳು ಪ್ರತಿ ಶನಿವಾರ ಐವತ್ತು ನಿಮಿಷ ಕಾರು ಓಡಿಸಿ ಬೇರೆ ಊರಿಗೆ ಹೋಗಿ ಆಡುತ್ತಾರೆ. ಆ ಹುಲ್ಲುಗಾವಲಿನಲ್ಲಿ ಒಂದು ಪಿಚ್ ಮಾಡಿಕೊಡಿ ಎಂದು ಅವರು ಟೌನ್‌ಗೆ ಅರ್ಜಿ ಕೊಟ್ಟರು. ನಾನು ಅದೇ ಜಾಗದಲ್ಲಿ ಎರಡು ವರ್ಷದಿಂದ ಸ್ವಯಂಸೇವಕಿ. ಟ್ರೇಲ್ ಸರಿಮಾಡುತ್ತೇನೆ, ಹೊರಗಿನಿಂದ ಬಂದು ಹಬ್ಬಿದ ಕಳೆ ಕೀಳುತ್ತೇನೆ. ಅಲ್ಲಿ ಬೊಬೊಲಿಂಕ್ ಎಂಬ ಪುಟ್ಟ ಹಕ್ಕಿ ಬರುತ್ತದೆ. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು, ಸಾವಿರಾರು ಮೈಲಿ ಹಾರಿ ಮೇ ತಿಂಗಳಲ್ಲಿ ಇಲ್ಲಿಗೆ ಬಂದು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನೊಳಗೆ ಗೂಡು ಕಟ್ಟುತ್ತದೆ. ಜೂನ್‌ನಲ್ಲಿ ಹುಲ್ಲು ಕತ್ತರಿಸಿದರೆ ಮರಿಗಳು ಉಳಿಯುವುದಿಲ್ಲ.

ಹಾಗಾಗಿ ನಾನು ಅಪ್ಪನಿಗೆ ಹೇಳದೆ ಟೌನ್‌ಗೆ ಒಂದು ಪತ್ರ ಬರೆದೆ. ಪಿಚ್ ಬೇಡ, ಆ ಜಾಗಕ್ಕೆ ಗೇಟು ಹಾಕಿ ಬೀಗ ಹಾಕಿ, ಯಾರೂ ಒಳಗೆ ಹೋಗಬಾರದು ಎಂದು ಕೇಳಿಕೊಂಡೆ. ಸಾರ್ವಜನಿಕ ಸಭೆಯಲ್ಲಿ ಆ ಪತ್ರವನ್ನು ನನ್ನ ಹೆಸರಿನ ಸಮೇತ ಗಟ್ಟಿಯಾಗಿ ಓದಿದರು. ಅಪ್ಪ ಎರಡನೇ ಸಾಲಿನಲ್ಲಿ ಕುಳಿತಿದ್ದರು. ಮನೆಗೆ ಬರುವಾಗ ಕಾರಿನಲ್ಲಿ ಅವರು ಬೈಯಲಿಲ್ಲ. ಇಪ್ಪತ್ತು ವರ್ಷದಿಂದ ಈ ಊರಿಗೆ ತೆರಿಗೆ ಕಟ್ಟುತ್ತಿದ್ದೇನೆ, ಈ ನೆಲವನ್ನು ನೀನು ಯಾರಿಗಾಗಿ ಉಳಿಸುತ್ತಿದ್ದೀಯ ಎಂದಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೈಬ್ರರಿಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮತ್ತೆ ಮತ್ತೆ ಸಿಕ್ಕ ಹೆಸರು ಓಮ್‌ಸ್ಟೆಡ್ ಅವರದು. ನೆಲವನ್ನು ಕಾಪಾಡಬೇಕು, ಅದೇ ನೆಲವನ್ನು ಜನರೂ ಬಳಸಬೇಕು, ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂದು ಜೀವನವಿಡೀ ಯೋಚಿಸಿದವರು ಅವರು.

ಓಮ್‌ಸ್ಟೆಡ್ ಅವರು 1822ರ ಏಪ್ರಿಲ್ 26ರಂದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆ ಜಾನ್ ಬಟ್ಟೆ ವ್ಯಾಪಾರಿ, ಅನುಕೂಲಸ್ಥರು. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಮತ್ತೆ ಮದುವೆಯಾದರು. ಹುಡುಗನನ್ನು ಓದಿಗಾಗಿ ಬೇರೆ ಬೇರೆ ಊರುಗಳ ಪಾದ್ರಿಗಳ ಮನೆಗಳಲ್ಲಿ ಬಿಟ್ಟರು. ಕೆಲವು ಕಡೆ ಶಿಕ್ಷೆ ಜಾಸ್ತಿ, ಪಾಠ ಕಡಿಮೆ. ಆದರೆ ರಜೆ ಬಂದಾಗ ತಂದೆ ಮಕ್ಕಳನ್ನು ಕುದುರೆ ಗಾಡಿಯಲ್ಲಿ ಕೂರಿಸಿಕೊಂಡು ಬೆಟ್ಟ, ಹೊಳೆ, ಕಾಡು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ಅವರು ಮಾತು ಕಡಿಮೆ ಆಡುವವರು. ಮಗ ನೋಡುವುದನ್ನು ಕಲಿತದ್ದು ಆ ಮೌನದ ಪ್ರಯಾಣಗಳಲ್ಲಿ.

ಹದಿಹರೆಯದಲ್ಲಿ ವಿಷಗಿಡವೊಂದು ತಾಗಿ ಅವರ ಕಣ್ಣಿಗೆ ತೊಂದರೆಯಾಯಿತು. ಯೇಲ್ ಕಾಲೇಜಿಗೆ ಸೇರುವ ಯೋಚನೆ ಕೈಬಿಟ್ಟಿತು. ಮುಂದೆ ಸುಮಾರು ಇಪ್ಪತ್ತು ವರ್ಷ ಅವರು ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಅಂಗಡಿಯಲ್ಲಿ ಗುಮಾಸ್ತರಾದರು. 1843ರಲ್ಲಿ ಹಡಗಿನ ಕೂಲಿಯಾಗಿ ಚೀನಾಕ್ಕೆ ಹೋಗಿ ಕಾಯಿಲೆ ಬಿದ್ದು ಬಂದರು. ತಂದೆಯ ದುಡ್ಡಿನಲ್ಲಿ ಸ್ಟೇಟನ್ ಐಲೆಂಡಿನಲ್ಲಿ ಬೇಸಾಯ ಮಾಡಿದರು. ಪತ್ರಕರ್ತರಾಗಿ ದಕ್ಷಿಣದ ರಾಜ್ಯಗಳಲ್ಲಿ ತಿಂಗಳುಗಟ್ಟಲೆ ತಿರುಗಿ, ಗುಲಾಮಗಿರಿ ಅಲ್ಲಿನ ಜನರನ್ನೂ ನೆಲವನ್ನೂ ಹೇಗೆ ಹಾಳು ಮಾಡುತ್ತಿದೆ ಎಂದು ನ್ಯೂಯಾರ್ಕ್ ಟೈಮ್ಸ್‌ಗೆ ಬರೆದರು. ಪುಸ್ತಕ ಪ್ರಕಟಣೆಯ ವ್ಯವಹಾರಕ್ಕೆ ಕೈಹಾಕಿ 1857ರಲ್ಲಿ ದಿವಾಳಿಯಾದರು. ಆಗ ಅವರಿಗೆ ಮೂವತ್ತೈದು ವರ್ಷ. ಮುಂದೆ ಏನು ಓದಬೇಕು ಎಂದು ಇನ್ನೂ ತೀರ್ಮಾನಿಸದ ನನ್ನಂಥವರಿಗೆ ಈ ಭಾಗ ಸ್ವಲ್ಪ ಧೈರ್ಯ ಕೊಡುತ್ತದೆ. ಪೋಷಕರು ಇದನ್ನು ದಯವಿಟ್ಟು ಗಮನಿಸಬೇಕು.

ಈ ಅಲೆದಾಟದ ನಡುವೆ 1850ರಲ್ಲಿ ತಮ್ಮ ಜಾನ್ ಜೊತೆ ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯಲ್ಲಿ ಸುತ್ತಾಡಿದರು. ಲಿವರ್‌ಪೂಲ್ ಹತ್ತಿರದ ಬರ್ಕನ್‌ಹೆಡ್ ಎಂಬ ಊರಿನಲ್ಲಿ ಬ್ರೆಡ್ ಅಂಗಡಿಯವರೊಬ್ಬರು ನಮ್ಮ ಪಾರ್ಕ್ ನೋಡದೆ ಹೋಗಬೇಡಿ ಎಂದರಂತೆ. ಅದು ಊರಿನ ದುಡ್ಡಿನಿಂದ ಮಾಡಿದ ಪಾರ್ಕ್. ಹುಲ್ಲು, ಕೆರೆ, ಮರ, ಬಳಸಿ ಹೋಗುವ ದಾರಿಗಳು. ಅಲ್ಲಿ ಶ್ರೀಮಂತರೂ ಬಡವರೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅವರು ನೋಡಿದ ಚೆಂದದ ಜಾಗಗಳೆಲ್ಲ ದೊಡ್ಡ ಮನುಷ್ಯರ ಕಾಂಪೌಂಡಿನ ಒಳಗಿದ್ದವು. ಇದು ಮಾತ್ರ ಎಲ್ಲರದು. ಪ್ರಜಾಪ್ರಭುತ್ವದ ದೇಶವಾದ ಅಮೆರಿಕದಲ್ಲಿ ಇಂಥದ್ದು ಒಂದೂ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

1857ರ ಸೆಪ್ಟೆಂಬರಿನಲ್ಲಿ ಅವರಿಗೆ ಸೆಂಟ್ರಲ್ ಪಾರ್ಕಿನ ಕೆಲಸಗಾರರ ಮೇಲ್ವಿಚಾರಕರ ಹುದ್ದೆ ಸಿಕ್ಕಿತು. ಆಗ ಅದು ಪಾರ್ಕ್ ಆಗಿರಲಿಲ್ಲ. ಬಂಡೆ, ಜೌಗು, ಕೆಸರು. ಅದೇ ವರ್ಷದ ಕೊನೆಯಲ್ಲಿ ತಮ್ಮ ಜಾನ್ ಕ್ಷಯದಿಂದ ತೀರಿಕೊಂಡರು. ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟಾಗ ಇಂಗ್ಲೆಂಡಿನಿಂದ ಬಂದಿದ್ದ ಕಲ್ವರ್ಟ್ ವಾಕ್ಸ್ ಎಂಬ ವಾಸ್ತುಶಿಲ್ಪಿ ಓಮ್‌ಸ್ಟೆಡ್ ಅವರನ್ನು ಜೊತೆಗೆ ಕರೆದರು. 1858ರಲ್ಲಿ ಇವರಿಬ್ಬರ ಗ್ರೀನ್‌ಸ್ವಾರ್ಡ್ ಎಂಬ ಯೋಜನೆ ಗೆದ್ದಿತು.

ಆ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ವಿಷಯ. ನಗರದ ಗಾಡಿಗಳು ಪಾರ್ಕನ್ನು ಅಡ್ಡ ದಾಟಲು ನಾಲ್ಕು ರಸ್ತೆ ಇರಲೇಬೇಕು ಎಂಬುದು ಸ್ಪರ್ಧೆಯ ನಿಯಮ. ಹಾಗೆ ರಸ್ತೆ ಹಾಕಿದರೆ ಒಂದು ಪಾರ್ಕ್ ಐದು ತುಂಡಾಗುತ್ತದೆ. ರಸ್ತೆ ಬೇಡ ಎಂದರೆ ಊರಿನ ಜನರಿಗೆ ತೊಂದರೆ. ಇವರು ನಾಲ್ಕು ರಸ್ತೆಗಳನ್ನೂ ನೆಲಮಟ್ಟಕ್ಕಿಂತ ಕೆಳಗೆ ಅಗೆದು ಹಾಕಿದರು. ಮೇಲೆ ಹುಲ್ಲಿನಲ್ಲಿ ನಡೆಯುವವರಿಗೆ ಕೆಳಗೆ ಗಾಡಿ ಹೋಗುವುದು ಕಾಣಿಸುವುದಿಲ್ಲ. ಹಾಗೆಯೇ ನಡೆಯುವವರಿಗೆ, ಕುದುರೆ ಸವಾರರಿಗೆ, ಗಾಡಿಗಳಿಗೆ ಬೇರೆ ಬೇರೆ ದಾರಿ ಮಾಡಿ, ಒಂದನ್ನೊಂದು ದಾಟುವ ಕಡೆ ಸೇತುವೆ ಕಟ್ಟಿದರು. ಯಾರನ್ನೂ ಹೊರಗೆ ಹಾಕಲಿಲ್ಲ. ಒಬ್ಬರ ಬಳಕೆ ಇನ್ನೊಬ್ಬರ ಬಳಕೆಯನ್ನು ಕೆಡಿಸದಂತೆ ಜಾಗ ಹಂಚಿದರು.

ಆದರೆ ಒಂದು ವಿಷಯವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ನೆಲ ಖಾಲಿ ಇರಲಿಲ್ಲ. ಅಲ್ಲಿ ಸೆನೆಕಾ ವಿಲೇಜ್ ಎಂಬ ಹಳ್ಳಿ ಇತ್ತು. 1825ರಿಂದ ಕಪ್ಪು ಜನರು ನೆಲ ಕೊಂಡು, ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದ ಜಾಗ. ಸುಮಾರು 225 ಜನ ಇದ್ದರು. ಪಾರ್ಕಿಗಾಗಿ ನಗರವು ಆ ನೆಲವನ್ನು ವಶಪಡಿಸಿಕೊಂಡು 1857ರ ಹೊತ್ತಿಗೆ ಅವರನ್ನು ಎಬ್ಬಿಸಿತು. ಆ ತೀರ್ಮಾನ ಓಮ್‌ಸ್ಟೆಡ್ ಅವರದ್ದಲ್ಲ, ಅವರು ಬರುವ ಮೊದಲೇ ಆಗಿತ್ತು. ಆದರೂ ಎಲ್ಲರಿಗಾಗಿ ಎಂದು ಮಾಡಿದ ಪಾರ್ಕ್ ಕೆಲವರ ಮನೆಯ ಮೇಲೆ ನಿಂತಿದೆ. ಸಾರ್ವಜನಿಕರು ಎಂಬ ಪದ ಬಳಸುವಾಗ ಅದರೊಳಗೆ ಯಾರನ್ನು ಸೇರಿಸಿದ್ದೇವೆ, ಯಾರನ್ನು ಬಿಟ್ಟಿದ್ದೇವೆ ಎಂದು ನೋಡಬೇಕು ಎಂದು ನಾನು ಇಲ್ಲಿ ಕಲಿತೆ.

1859ರಲ್ಲಿ ಓಮ್‌ಸ್ಟೆಡ್ ಅವರು ತೀರಿಕೊಂಡ ತಮ್ಮನ ಹೆಂಡತಿ ಮೇರಿಯವರನ್ನು ಮದುವೆಯಾಗಿ, ತಮ್ಮನ ಮೂರು ಮಕ್ಕಳನ್ನು ತಮ್ಮ ಮಕ್ಕಳಾಗಿ ಸಾಕಿದರು. ಮರುವರ್ಷ ಗಾಡಿಯಿಂದ ಬಿದ್ದು ತೊಡೆ ಮುರಿಯಿತು. ಅದೇ ದಿನಗಳಲ್ಲಿ ಹಸುಗೂಸು ಮಗ ತೀರಿಕೊಂಡ. ಕಾಲು ಗಿಡ್ಡವಾಗಿ ಜೀವನವಿಡೀ ಕುಂಟಿದರು. ನಡೆಯಲಾಗದ ದಿನಗಳಲ್ಲೂ ತಮ್ಮನ್ನು ಹೊತ್ತುಕೊಂಡು ಹೋಗುವಂತೆ ಹೇಳಿ ಪಾರ್ಕಿನ ಕೆಲಸ ನೋಡುತ್ತಿದ್ದರು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಗಾಯಗೊಂಡ ಸೈನಿಕರ ಆರೋಗ್ಯ ನೋಡಿಕೊಳ್ಳುವ ಸ್ಯಾನಿಟರಿ ಕಮಿಷನ್‌ನ ಮುಖ್ಯ ಕಾರ್ಯದರ್ಶಿಯಾಗಿ ಹಗಲು ರಾತ್ರಿ ದುಡಿದರು. 1863ರಲ್ಲಿ ಕ್ಯಾಲಿಫೋರ್ನಿಯಾದ ಮಾರಿಪೋಸಾ ಎಂಬ ಚಿನ್ನದ ಗಣಿಯ ವ್ಯವಸ್ಥಾಪಕರಾಗಿ ಹೋದರು. ಗಣಿ ನಷ್ಟದಲ್ಲಿತ್ತು. ಆದರೆ ಅದರ ಹತ್ತಿರದಲ್ಲೇ ಯೊಸೆಮಿಟಿ ಕಣಿವೆ ಇತ್ತು.

1864ರ ಜೂನ್ 30ರಂದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಅಧ್ಯಕ್ಷ ಲಿಂಕನ್ ಒಂದು ಕಾನೂನಿಗೆ ಸಹಿ ಹಾಕಿದರು. ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸಾದ ದೈತ್ಯ ಸಿಕ್ವೋಯಾ ಮರಗಳ ತೋಪನ್ನೂ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕೊಡಲಾಯಿತು. ಷರತ್ತು ಏನೆಂದರೆ ಅದನ್ನು ಎಂದೆಂದಿಗೂ ಮಾರುವಂತಿಲ್ಲ, ಜನರ ಬಳಕೆಗೇ ಇಡಬೇಕು. ಅದನ್ನು ನೋಡಿಕೊಳ್ಳುವ ಸಮಿತಿಯ ಮುಖ್ಯಸ್ಥರಾಗಿ ಓಮ್‌ಸ್ಟೆಡ್ ನೇಮಕವಾದರು. 1865ರ ಆಗಸ್ಟ್‌ನಲ್ಲಿ ಆ ಕಣಿವೆಯಲ್ಲೇ ಕುಳಿತು ಸಮಿತಿಯ ಸದಸ್ಯರಿಗೆ ತಾವು ಬರೆದ ಒಂದು ವರದಿಯನ್ನು ಓದಿದರು.

ಆ ವರದಿಯಲ್ಲಿ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಸುಂದರವಾದ ಜಾಗ ನೋಡುವುದು ಶ್ರೀಮಂತರ ಶೋಕಿಯಲ್ಲ, ಅದು ಮನುಷ್ಯನ ಮನಸ್ಸಿಗೂ ದೇಹಕ್ಕೂ ಬೇಕಾದ ಆರೋಗ್ಯ. ಕೂಲಿ ಮಾಡಿ ದಣಿದವರಿಗೆ ಅದು ಇನ್ನೂ ಹೆಚ್ಚು ಬೇಕು. ಸರ್ಕಾರ ಕಾಯದಿದ್ದರೆ ಇಂಥ ಜಾಗಗಳು ಕೆಲವೇ ಶ್ರೀಮಂತರ ಕೈಗೆ ಹೋಗುತ್ತವೆ. ಆಗ ಯೊಸೆಮಿಟಿಗೆ ವರ್ಷಕ್ಕೆ ಬರುತ್ತಿದ್ದವರು ಕೆಲವು ನೂರು ಜನ ಮಾತ್ರ. ಕುದುರೆಯ ಮೇಲೆ ದಿನಗಟ್ಟಲೆ ಪ್ರಯಾಣ. ಆದರೆ ಮುಂದೆ ಸಾವಿರಾರು ಜನ ಬರುತ್ತಾರೆ, ನೂರು ವರ್ಷದಲ್ಲಿ ಲಕ್ಷಾಂತರ ಜನ ಬರುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಒಬ್ಬರು ಒಂದು ಕೊಂಬೆ ಮುರಿದರೆ ಏನೂ ಆಗುವುದಿಲ್ಲ. ಲಕ್ಷಾಂತರ ಜನ ಒಂದೊಂದು ಕೊಂಬೆ ಮುರಿದರೆ ಕಾಡೇ ಇರುವುದಿಲ್ಲ. ಆದ್ದರಿಂದ ಇವತ್ತು ಬಂದವರಿಗಿಂತ ಇನ್ನೂ ಹುಟ್ಟದ ಜನರ ಹಕ್ಕು ದೊಡ್ಡದು ಎಂದರು.

ಇಲ್ಲಿಯವರೆಗೆ ಓದಿದಾಗ ನನ್ನ ಪತ್ರವೇ ಸರಿ ಎಂದು ನನಗೆ ಖುಷಿಯಾಯಿತು. ಮುಂದೆ ಓದಿದೆ. ಸಮಿತಿಗೆ ಬೇಕಾದ ಹಣ ಒಟ್ಟು 37,000 ಡಾಲರ್ ಎಂದು ಕೇಳಿ, ಅದರಲ್ಲಿ 25,000 ಡಾಲರನ್ನು ರಸ್ತೆಗೇ ಇಟ್ಟಿದ್ದರು! ಕಣಿವೆಯನ್ನು ಕಾಪಾಡಬೇಕು ಎಂದು ಅಷ್ಟು ಬರೆದವರು ರಸ್ತೆ ಯಾಕೆ ಕೇಳಿದರು? ಉತ್ತರ ಅಲ್ಲೇ ಇದೆ. ರಸ್ತೆ ಇಲ್ಲದಿದ್ದರೆ ಕುದುರೆ ಮತ್ತು ಮಾರ್ಗದರ್ಶಿಗೆ ದುಡ್ಡು ಕೊಡಬಲ್ಲವರು ಮಾತ್ರ ಬರುತ್ತಾರೆ. ಆಗ ಬೇಲಿ ಇಲ್ಲದಿದ್ದರೂ ಅದು ಶ್ರೀಮಂತರ ಪಾರ್ಕೇ. ರಸ್ತೆ ಇದ್ದರೆ ಸಾಮಾನು ಹೊರಗಿನಿಂದ ತರಬಹುದು, ಕಣಿವೆಯ ಮರ ಕಡಿದು, ಅಲ್ಲೇ ಉತ್ತು ಬಿತ್ತುವ ಅಗತ್ಯವೂ ಕಡಿಮೆಯಾಗುತ್ತದೆ. ಅವರ ಪ್ರಕಾರ ಜನರನ್ನು ಒಳಗೆ ಬಿಡುವುದು ಮತ್ತು ನೆಲವನ್ನು ಕಾಯುವುದು ಎರಡು ಬೇರೆ ಕೆಲಸವಲ್ಲ. ಸರಿಯಾಗಿ ಯೋಜನೆ ಮಾಡಿದರೆ ಒಂದೇ ಕೆಲಸ.

ಆ ವರದಿಗೆ ಏನಾಯಿತು ಗೊತ್ತೇ? ಸಮಿತಿಯ ಕೆಲವು ಸದಸ್ಯರೇ ಅದನ್ನು ಶಾಸನಸಭೆಗೆ ಹೋಗದಂತೆ ತಡೆದರು. ಓಮ್‌ಸ್ಟೆಡ್ ನ್ಯೂಯಾರ್ಕಿಗೆ ವಾಪಸು ಬಂದರು. ವರದಿ ಕಾಣೆಯಾಗಿ, ಅದರ ಪೂರ್ತಿ ರೂಪ ಅಚ್ಚಾದದ್ದು 1952ರಲ್ಲಿ. ಅಷ್ಟರಲ್ಲಿ 87 ವರ್ಷ ಕಳೆದಿತ್ತು. ಇವತ್ತು ಯೊಸೆಮಿಟಿಗೆ ವರ್ಷಕ್ಕೆ ಸುಮಾರು 40 ಲಕ್ಷ ಜನ ಬರುತ್ತಾರೆ. ಎರಡು ವರ್ಷದ ಹಿಂದೆ ನಾವೂ ಹೋಗಿ ಕಾರಿನ ಸಾಲಿನಲ್ಲಿ ಎರಡು ಗಂಟೆ ಕಾದಿದ್ದೆವು. ಅವರ ಲೆಕ್ಕ ತಪ್ಪಾಗಲಿಲ್ಲ. ಆದರೆ ಒಂದು ವಿಷಯಕ್ಕೆ ಅವರು ಸಾಕಷ್ಟು ಗಮನ ಕೊಡಲಿಲ್ಲ. ಆ ಕಣಿವೆಯಲ್ಲಿ ಅಹ್ವಾನೀಚಿ ಎಂಬ ಮೂಲನಿವಾಸಿಗಳು ಇದ್ದರು. 1851ರಲ್ಲಿ ಬಂದೂಕು ಹಿಡಿದ ಪಡೆ ಅವರನ್ನು ಓಡಿಸಿತ್ತು. ಕಣಿವೆಯ ಹುಲ್ಲು ಬಯಲುಗಳು ಅಷ್ಟು ಚೆನ್ನಾಗಿ ಇದ್ದದ್ದಕ್ಕೆ ಅವರು ಕಾಲಕಾಲಕ್ಕೆ ಬೆಂಕಿ ಕೊಟ್ಟು ನೋಡಿಕೊಂಡಿದ್ದೂ ಒಂದು ಕಾರಣ.

ನ್ಯೂಯಾರ್ಕಿಗೆ ಬಂದ ಮೇಲೆ ವಾಕ್ಸ್ ಜೊತೆ ಸೇರಿ ಬ್ರೂಕ್ಲಿನ್‌ನಲ್ಲಿ ಪ್ರಾಸ್ಪೆಕ್ಟ್ ಪಾರ್ಕ್ ಮಾಡಿದರು. ನಯಾಗರಾ ಜಲಪಾತಕ್ಕಾಗಿ ಹೋರಾಡಿದರು. ಆಗ ಜಲಪಾತದ ಅಮೆರಿಕದ ಕಡೆ ದಡವೆಲ್ಲ ಖಾಸಗಿಯವರದು. ಕಾರ್ಖಾನೆ, ಹೋಟೆಲು, ಜಾಹೀರಾತು ಫಲಕ, ಬೇಲಿ. ದುಡ್ಡು ಕೊಡದೆ ನೀರು ಬೀಳುವುದನ್ನು ನೋಡಲು ಜಾಗವೇ ಇರಲಿಲ್ಲ. ಓಮ್‌ಸ್ಟೆಡ್ ಮತ್ತು ಗೆಳೆಯರು 1869ರಲ್ಲಿ ಮಾತು ಶುರು ಮಾಡಿದರು. ವರದಿ ಬರೆದರು, ದೊಡ್ಡವರ ಸಹಿ ಸಂಗ್ರಹಿಸಿದರು, ಪತ್ರಿಕೆಗಳಲ್ಲಿ ಬರೆಸಿದರು. ಹದಿನಾರು ವರ್ಷ ಹಿಡಿಯಿತು, ಅಂದರೆ ನನ್ನ ವಯಸ್ಸಿನಷ್ಟು. 1885ರ ಜುಲೈ 15ರಂದು ನ್ಯೂಯಾರ್ಕ್ ರಾಜ್ಯ ಆ ನೆಲವನ್ನು ಕೊಂಡು ಎಲ್ಲರಿಗೂ ಉಚಿತವಾಗಿ ತೆರೆಯಿತು. ಅಲ್ಲಿ ಹೂವಿನ ಅಲಂಕಾರ, ಪ್ರತಿಮೆ ಏನೂ ಬೇಡ, ಜನ ಗಾಡಿ ಬಿಟ್ಟು ನಡೆದುಕೊಂಡು ಬಂದು ಜಲಪಾತವನ್ನೇ ನೋಡಲಿ ಎಂಬುದು ಅವರ ಯೋಜನೆ.

1883ರಲ್ಲಿ ಅವರು ನಮ್ಮ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಮನೆ ಕೊಂಡರು. ಅದರ ಹೆಸರು ಫೇರ್‌ಸ್ಟೆಡ್, ಈಗ ವಸ್ತುಸಂಗ್ರಹಾಲಯ. ಬಾಸ್ಟನ್ನಿನಲ್ಲಿ ಒಂದಕ್ಕೊಂದು ಪೋಣಿಸಿದಂತೆ ಪಾರ್ಕುಗಳನ್ನು ಮಾಡಿದರು. ಅದನ್ನು ಎಮರಾಲ್ಡ್ ನೆಕ್ಲೇಸ್, ಅಂದರೆ ಪಚ್ಚೆಯ ಹಾರ ಎನ್ನುತ್ತಾರೆ. ಒಟ್ಟು ಸುಮಾರು 1,100 ಎಕರೆ. ಅದರಲ್ಲಿ ಬ್ಯಾಕ್ ಬೇ ಫೆನ್ಸ್ ಎಂಬ ಭಾಗ ಮೊದಲು ಕೊಳಚೆ ನಿಂತು ನಾರುತ್ತಿದ್ದ ಜೌಗು. ಅಲ್ಲಿನ ನೆರೆ ಮತ್ತು ಕೊಳಚೆ ಸಮಸ್ಯೆ ಬಗೆಹರಿಸುತ್ತಲೇ ಅದನ್ನು ಉಪ್ಪುನೀರಿನ ಹುಲ್ಲುಗಾವಲಾಗಿ ಮಾಡಿದರು. ಆರ್ನಲ್ಡ್ ಆರ್ಬೊರೇಟಮ್ ಎಂಬ ಮರಗಳ ತೋಟದ ಕಥೆ ಇನ್ನೂ ಚೆನ್ನಾಗಿದೆ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಮರಗಳ ಅಧ್ಯಯನ ಬೇಕು, ನಗರಕ್ಕೆ ಪಾರ್ಕ್ ಬೇಕು. 1882ರಲ್ಲಿ ಒಪ್ಪಂದ ಮಾಡಿಕೊಂಡರು. ನೆಲ ನಗರದ್ದು. ಹಾರ್ವರ್ಡ್‌ಗೆ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಸಾವಿರ ವರ್ಷದ ಗುತ್ತಿಗೆ. ರಸ್ತೆ ನೋಡಿಕೊಳ್ಳುವುದು ನಗರ, ಮರ ನೋಡಿಕೊಳ್ಳುವುದು ಹಾರ್ವರ್ಡ್, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಇವತ್ತಿಗೂ ಅಲ್ಲಿಗೆ ಟಿಕೆಟ್ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಮೇ ತಿಂಗಳಲ್ಲಿ ಲೈಲಾಕ್ ಹೂ ನೋಡಲು ಅಲ್ಲಿಗೆ ಹೋಗಿದ್ದೇವೆ.

ಹಾರದ ಕೊನೆಯ ದೊಡ್ಡ ಪಾರ್ಕ್ ಫ್ರಾಂಕ್ಲಿನ್ ಪಾರ್ಕ್, 527 ಎಕರೆ. ಇಲ್ಲಿ ನಮ್ಮ ಮನೆಯ ಜಗಳವೇ ಅವರ ಎದುರಿಗೂ ಬಂದಿತ್ತು. ಪಾರ್ಕಿನ ದೊಡ್ಡ ಭಾಗವನ್ನು ಅವರು ಹಳ್ಳಿಗಾಡಿನಂತೆ ಸುಮ್ಮನೆ ಬಿಡಬೇಕೆಂದರು. ಅಲ್ಲಿ ಹುಲ್ಲು ಮೇಯಲು ಕುರಿ ಬಿಟ್ಟರು. ಆದರೆ ಆಟ ಬೇಡ ಎನ್ನಲಿಲ್ಲ. ಪ್ಲೇಸ್ಟೆಡ್ ಎಂದು ಹೆಸರಿಟ್ಟು ಶಾಲಾ ಮಕ್ಕಳ ಆಟಕ್ಕಾಗಿಯೇ ಪ್ರತ್ಯೇಕ ಬಯಲನ್ನು ಅದೇ ಪಾರ್ಕಿನೊಳಗೆ ಗುರುತು ಮಾಡಿದರು. ಆಟಕ್ಕೆ ಸಮತಟ್ಟಾದ ಯಾವ ನೆಲವಾದರೂ ಆಗುತ್ತದೆ, ಆದರೆ ಊರಿನ ಗದ್ದಲ ಮರೆಸುವ ದೊಡ್ಡ ಹಸಿರು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ ಎಂಬುದು ಅವರ ಲೆಕ್ಕ. ಅವರ ಮಾತು ಪೂರ್ತಿ ನಡೆಯಲಿಲ್ಲ. ಅವರು ಸುಮ್ಮನೆ ಬಿಡಿ ಎಂದ ಜಾಗದಲ್ಲಿ ಇಂದು ಗಾಲ್ಫ್ ಮೈದಾನ ಇದೆ, ಪಾರ್ಕಿನ ಇನ್ನೊಂದು ಭಾಗದಲ್ಲಿ ಮೃಗಾಲಯ ಇದೆ. ಯೋಜನೆ ಕಾಗದದ ಮೇಲೆ ಬರೆದರೆ ಸಾಲದು, ಪ್ರತಿ ತಲೆಮಾರಿನವರೂ ಅದನ್ನು ಮತ್ತೆ ಕಾಯಬೇಕು.

ಓಮ್‌ಸ್ಟೆಡ್ ಅವರ ಕೊನೆಯ ದಿನಗಳು ದುಃಖದ್ದು. 1895ರ ಹೊತ್ತಿಗೆ ಮರೆವು ಜಾಸ್ತಿಯಾಗಿ ಕೆಲಸ ಬಿಡಬೇಕಾಯಿತು. 1898ರಲ್ಲಿ ಅವರನ್ನು ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಗೆ ಸೇರಿಸಿದರು. ಆ ಆಸ್ಪತ್ರೆಯ ಜಾಗ ಹೇಗಿರಬೇಕು ಎಂದು ಹಿಂದೆ ಸಲಹೆ ಕೊಟ್ಟಿದ್ದವರು ಅವರೇ. ತಮ್ಮ ಯೋಜನೆಯಂತೆ ಅದನ್ನು ಮಾಡಿಲ್ಲ ಎಂದು ಆ ಸ್ಥಿತಿಯಲ್ಲೂ ಬೇಸರಪಟ್ಟುಕೊಂಡರಂತೆ. 1903ರ ಆಗಸ್ಟ್ 28ರಂದು ಅಲ್ಲೇ ತೀರಿಕೊಂಡರು.

ಆದರೆ ಕೆಲಸ ನಿಲ್ಲಲಿಲ್ಲ. ಅವರ ಕೈಕೆಳಗೆ ಕಲಿತ ಚಾರ್ಲ್ಸ್ ಎಲಿಯಟ್ 1891ರಲ್ಲಿ, ಪುಸ್ತಕಗಳನ್ನು ಲೈಬ್ರರಿ ಕಾಯುವಂತೆ ಸುಂದರ ನೆಲಗಳನ್ನು ಜನರಿಗಾಗಿ ಕಾಯುವ ಟ್ರಸ್ಟೀಸ್ ಎಂಬ ಸಂಸ್ಥೆಯನ್ನು ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಿದರು. ಮಗ ಫ್ರೆಡರಿಕ್ ಜೂನಿಯರ್, ಎಲ್ಲ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ 1916ರ ಕಾನೂನಿನ ಮುಖ್ಯ ವಾಕ್ಯವನ್ನು ಬರೆದರು. ಇಂದಿನವರು ಅನುಭವಿಸಬೇಕು, ಆದರೆ ಮುಂದಿನವರಿಗೆ ಕೆಡದಂತೆ ಉಳಿಯಬೇಕು ಎಂಬುದು ಅದರ ಸಾರ. ಅಪ್ಪನ ಕಾಣೆಯಾದ ವರದಿಯ ಸಾರವೂ ಅದೇ.

ಈ ಲೇಖನ ಬರೆಯುವಾಗ ಕನ್ನಡ ಪದಗಳಿಗಾಗಿ ತುಮಕೂರು ಜಿಲ್ಲೆಯ ನಮ್ಮ ಅಜ್ಜಿಗೆ ಫೋನ್ ಮಾಡುತ್ತಿದ್ದೆ. ಊರಿಗೆಲ್ಲ ಸೇರಿದ ನೆಲಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ದನ ಮೇಯಲು ಬಿಟ್ಟದ್ದು ಗೋಮಾಳ, ನೆರಳಿಗೆ ಮರ ಬೆಳೆಸಿದ್ದು ಗುಂಡುತೋಪು ಎಂದರು. ತೋಪಿನಲ್ಲಿ ದಾರಿಹೋಕರು ಮಲಗಬಹುದು, ಸಂತೆ ಜಾತ್ರೆ ಮಾಡಬಹುದು, ಮರ ಮಾತ್ರ ಕಡಿಯುವ ಹಾಗಿಲ್ಲ ಎಂದರು. ಓಮ್‌ಸ್ಟೆಡ್ ಅವರ ಬಗ್ಗೆ ನಾನು ಮೂರು ತಿಂಗಳು ಓದಿದ್ದನ್ನು ಅಜ್ಜಿ ಒಂದು ನಿಮಿಷದಲ್ಲಿ ಹೇಳಿಬಿಟ್ಟರು.

ಏಪ್ರಿಲ್‌ನಲ್ಲಿ ಅಪ್ಪನನ್ನು ಫ್ರಾಂಕ್ಲಿನ್ ಪಾರ್ಕಿಗೆ ಕರೆದುಕೊಂಡು ಹೋಗಿ ಪ್ಲೇಸ್ಟೆಡ್ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, ಔಟ್‌ಫೀಲ್ಡ್ ಚೆನ್ನಾಗಿದೆ ಎಂದರು. ಆ ರಾತ್ರಿ ನಾವಿಬ್ಬರೂ ಕುಳಿತು ನಮ್ಮ ಟೌನ್‌ನ ಬಯಲು ಮತ್ತು ಮನರಂಜನಾ ಜಾಗಗಳ ಯೋಜನೆಯನ್ನು ಓದಿದೆವು. ಮ್ಯಾಸಚೂಸೆಟ್ಸ್‌ನ ಬಹಳಷ್ಟು ಊರುಗಳು ಇಂಥ ಯೋಜನೆ ಬರೆದು ಆಗಾಗ ಹೊಸದು ಮಾಡುತ್ತವೆ. ಸಂರಕ್ಷಣೆಗೆಂದು ತೆಗೆದುಕೊಂಡ ನೆಲವನ್ನು ಬೇರೆಯದಕ್ಕೆ ಬಳಸಬೇಕಾದರೆ, 1972ರಲ್ಲಿ ಜನ ಮತ ಹಾಕಿ ಒಪ್ಪಿದ ರಾಜ್ಯ ಸಂವಿಧಾನದ 97ನೇ ವಿಧಿಯ ಪ್ರಕಾರ ಶಾಸಕಾಂಗದ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು ಎಂಬುದೂ ಗೊತ್ತಾಯಿತು. ಇದು ಅಪ್ಪನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಕ್ಷೆಯಲ್ಲಿ ಊರಿನ ಇನ್ನೊಂದು ತುದಿಯಲ್ಲಿ, ಹಿಂದೆ ಕಸ ತುಂಬಿ ಈಗ ಮಣ್ಣು ಮುಚ್ಚಿರುವ ಒಂದು ಸಮತಟ್ಟಾದ ಜಾಗ ಇತ್ತು.

ನಾವಿಬ್ಬರೂ ಸೇರಿ ಹೊಸ ಪತ್ರ ಬರೆದೆವು. ಪಿಚ್‌ಗೆ ಆ ಹಳೆಯ ಕಸದ ಜಾಗ ಆಗುತ್ತದೆಯೇ ಎಂದು ಪರೀಕ್ಷೆ ಮಾಡಿ. ಹುಲ್ಲುಗಾವಲು ಹಾಗೇ ಇರಲಿ, ಮರಿಗಳು ಹಾರುವವರೆಗೆ ಹುಲ್ಲು ಕತ್ತರಿಸಬೇಡಿ. ಆದರೆ ಗೇಟು ಬೇಡ. ಅಂಚಿನಲ್ಲಿ ಸುತ್ತಲೂ ಒಂದು ಕಾಲುದಾರಿ ಮಾಡಿ, ಕುಳಿತು ನೋಡಲು ಒಂದು ಬೆಂಚು ಹಾಕಿ. ಬೀಗದ ಮಾತನ್ನು ವಾಪಸು ತೆಗೆದುಕೊಂಡದ್ದು ನಾನೇ.

ಟೌನ್ ಇನ್ನೂ ತೀರ್ಮಾನ ಮಾಡಿಲ್ಲ. ಮಣ್ಣಿನ ಪರೀಕ್ಷೆಗೆ ಸಮಯ ಬೇಕಂತೆ. ತಂಡದ ಕೆಲವು ಅಂಕಲ್‌ಗಳಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಮುನಿಸಿದೆ, ಅವರೂ ಈ ಸಂಚಿಕೆ ಓದುತ್ತಾರೆ ಎಂದು ಗೊತ್ತು. ಈ ಬೇಸಿಗೆಯಲ್ಲೂ ಅವರು ಐವತ್ತು ನಿಮಿಷ ಕಾರು ಓಡಿಸಬೇಕು. ಅದಕ್ಕೆ ನನಗೆ ನಿಜವಾಗಿ ಬೇಸರವಿದೆ. ಶನಿವಾರ ನನ್ನ ಕಳೆ ಕೀಳುವ ಕೆಲಸ ಬೇಗ ಮುಗಿದರೆ ನಾನೂ ಅವರ ಜೊತೆ ಹೋಗಿ ಸ್ಕೋರ್ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.

ಅಪ್ಪ ಕಾರಿನಲ್ಲಿ ಕೇಳಿದ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ಹಕ್ಕಿಗಾಗಿ, ನಿಮಗಾಗಿ, ಮುಂದೆ ಈ ಕನ್ನಡ ಶಾಲೆಗೆ ಅಳುತ್ತಾ ಬರುವ ಪುಟ್ಟ ಮಕ್ಕಳಿಗಾಗಿ.